ಮದುಮಗನ ಕೋಟಿಗೆ ಅಳತೆ

"ಮದುಮಗ ಸ್ವಲ್ಪ ನೆಟ್ಟಗೆ ನಿಂತ್ಕೋಬೇಕು," ಎಂದರು ದರ್ಜಿ ಮಿಸೆಸ್ ಗೀಕಿ, ಕೊರಳಿನ ಟೇಪನ್ನು ಎಳೆದುಕೊಳ್ಳುತ್ತ.

"ಮದುಮಗ ನಾನಲ್ಲ," ಎಂದ ಇನ್ನಿಸ್.

"ಮದುಮಗ ಇವನಲ್ಲ," ಎಂದಳು ಮೋರ್ವೆನ್, ಅದೇ ಉಸಿರಿನಲ್ಲಿ.

ಇಬ್ಬರೂ ಒಟ್ಟಿಗೆ ಹೇಳಿದ್ದರಿಂದ ಮಾತು ಬೇಕಾದ್ದಕ್ಕಿಂತ ಜೋರಾಯಿತು. ಇನ್ವರ್ನೆಸ್ಸಿನ ಆ ಪುಟ್ಟ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಆದರೂ ಮೋರ್ವೆನ್‌ಳ ಕೆನ್ನೆ ಬಿಸಿಯಾಯಿತು.

ಮೋರ್ವೆನ್ ಕೈಹಿಡಿಯಲಿದ್ದ ಮದುಮಗ ಫಾರ್ಕರ್. ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿ ಅವನ ಕೆಲಸ, ಗುರುವಾರದವರೆಗೆ ನೆಲ ಮುಟ್ಟುವಂತಿಲ್ಲ. ಮದುವೆ ಮುಂದಿನ ತಿಂಗಳು. ಇವತ್ತು ಬಟ್ಟೆಗೆ ಕತ್ತರಿ ಹಾಕದಿದ್ದರೆ ಕೋಟು ಮದುವೆಯ ಮಾರನೇ ದಿನ ಸಿಗುತ್ತದೆ ಎಂದು ಗೀಕಿ ಖಡಾಖಂಡಿತ ಹೇಳಿದ್ದರು. ಹಾಗಾಗಿ ಫಾರ್ಕರನ ಚಿಕ್ಕಪ್ಪನ ಮಗ ಇನ್ನಿಸ್ ಅವನ ಬದಲಿಗೆ ಬಂದು ನಿಂತಿದ್ದ. ಒಂದೇ ಮನೆತನ, ಗಂಡಸರು ಉಡುವ ಕಿಲ್ಟು ಲಂಗಕ್ಕೂ ಒಂದೇ ಚೌಕಳಿ, ಮೈಕಟ್ಟೂ ಒಂದೇ ಎಂದು ಗೀಕಿಗೆ ಹೇಳಿಯಾಗಿತ್ತು.

ಗೀಕಿ ಮೊದಲು ಕರಿಯ ಕೋಟು ತೊಡಿಸಿದರು. ಗಿಡ್ಡ ಕೋಟು, ಬೆಳ್ಳಿ ಗುಂಡಿ, ಹಿಂದೆ ಎರಡು ಬಾಲ. ಇನ್ನಿಸ್ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳಲಿಲ್ಲ. ಕನ್ನಡಿಯೊಳಗಿಂದ ಅವಳನ್ನು ನೋಡಿದ.

"ಹೇಗಿದೆ?"

"ಹೋಟೆಲ್ ಬಾಗಿಲು ತೆಗೆಯೋನ ಥರ ಇದೀಯ."

"ಒಳಗೆ ಬನ್ನಿ ಮೇಡಂ, ನಿಮ್ಮ ಟೇಬಲ್ ರೆಡಿ," ಎಂದು ಅವನು ಬಾಗಿದ. ಮೋರ್ವೆನ್ ನಕ್ಕಳು. ನಕ್ಕಿದ್ದು ಹೆಚ್ಚಾಯಿತೇನೋ ಎನಿಸಿ ಥಟ್ಟನೆ ನಿಲ್ಲಿಸಿದಳು.

"ಕರಿದು ಸಂಜೆ ಮೇಲೆ ಹಾಕೋದು," ಎಂದರು ಗೀಕಿ. "ನಿಮ್ಮ ಮದುವೆ ಮಧ್ಯಾಹ್ನ ಅಂದ್ರಲ್ಲ? ಈಗಿನವರು ಕೇಳಲ್ಲ ಬಿಡಿ, ಬೆಳಿಗ್ಗೆ ಎದ್ದು ಅದನ್ನೇ ಹಾಕ್ತಾರೆ. ಒರಟು ಉಣ್ಣೆಯ ಟ್ವೀಡ್ ನೋಡ್ತೀಯಾ ಹುಡುಗಿ?"

ಫಾರ್ಕರ್ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದ. 'ಕರಿದೇ ತಗೋ ಮೋರ್. ಟ್ವೀಡ್ ಹಾಕಿದ್ರೆ ಕುರಿ ಹಿಂದೆ ಹೋಗೋನ ಥರ ಕಾಣ್ತೀನಿ.' ಕೆಟ್ಟವನಲ್ಲ ಫಾರ್ಕರ್. ಅವಳ ಅಮ್ಮನಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವನು. ಅಂಥವನ ಬಗ್ಗೆ ದೂರಲು ಏನೂ ಸಿಗದಿದ್ದದ್ದೇ ಅವಳ ಕಷ್ಟವಾಗಿತ್ತು.

"ತೋರಿಸಿ," ಎಂದಳು.

ಟ್ವೀಡ್ ಬಂತು. ಪಾಚಿಗಟ್ಟಿದ ಕಲ್ಲಿನ ಬಣ್ಣ, ಜಿಂಕೆ ಕೊಂಬಿನ ಗುಂಡಿ. ಇನ್ನಿಸ್ ಒಂದು ತೋಳು ಹಾಕಿ, ಇನ್ನೊಂದು ತೋಳು ಹುಡುಕಲು ತಡಕಾಡಿದ. ಮೋರ್ವೆನ್ ಹಿಂದಿನಿಂದ ಹಿಡಿದುಕೊಟ್ಟಳು. ಬೆರಳ ತುದಿಗೆ ಅವನ ಕುತ್ತಿಗೆ ತಾಗಿತು. ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ತಿಳಿಯಿತು.

ಊರಿನ ಕುರಿಗಳಿಗೆಲ್ಲ ಡಾಕ್ಟರು ಅವನು. ಆ ಕೋಟಿನಲ್ಲಿ ಅವನು ಅವನ ಹಾಗೆಯೇ ಕಂಡ, ಮತ್ತು ಅದನ್ನು ನೋಡಲು ಅವಳಿಗೆ ಆಗಲಿಲ್ಲ, ನೋಡದಿರಲೂ ಆಗಲಿಲ್ಲ.

"ತೋಳು ಎತ್ತಿ ನೋಡ್ಬೇಕು," ಎಂದರು ಗೀಕಿ. "ರಾತ್ರಿ ಕುಣಿತ ಇರುತ್ತಲ್ಲ, ಕಂಕುಳಲ್ಲಿ ಹರಿದ್ರೆ ನನ್ನ ಮಾನ ಹೋಗುತ್ತೆ. ಅವನ ಕೈ ಹಿಡಿ ಹುಡುಗಿ. ಒಂದು ಸುತ್ತು ಹಾಕಿ."

"ಬೇಡ, ಸರಿಯಾಗೇ ಇದೆ," ಎಂದ ಇನ್ನಿಸ್.

"ಬಟ್ಟೆ ಹೊಲಿಯೋಳು ನಾನೋ ನೀನೋ?"

ಮೋರ್ವೆನ್ ಕೈ ಚಾಚಿದಳು. ಒಂದು ಸುತ್ತು, ಅಷ್ಟೇ. ಎದೆ ಡವಗುಟ್ಟುವುದು ಅವನಿಗೆ ಕೇಳಿಸಿಬಿಟ್ಟೀತು ಎಂದು ಅವಳು ಗುಂಡಿಯ ಮೇಲೆ ಕಣ್ಣು ನೆಟ್ಟಳು. ಸುತ್ತು ಮುಗಿಯಿತು. ಕೈ ಬಿಡುವುದು ಇಬ್ಬರಿಗೂ ಮರೆತುಹೋಯಿತು.

"ಯಾವುದು ತಗೊಳ್ತೀಯ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಇದು."

"ಫಾರ್ಕರ್ ಇದನ್ನ ಜನ್ಮದಲ್ಲಿ ಹಾಕಲ್ಲ. ನಿಂಗೊತ್ತು."

ಅವಳಿಗೆ ಗೊತ್ತಿತ್ತು.

ಗೀಕಿ ಅಷ್ಟರಲ್ಲಿ ಪಾಚಿ ಬಣ್ಣದ ಥಾನನ್ನು ಮೇಜಿನ ಮೇಲೆ ಹಾಸಿ, ಇನ್ನಿಸನ ಅಳತೆಯಂತೆ ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಎತ್ತಿಕೊಂಡಿದ್ದರು. ಕತ್ತರಿಯ ಬಾಯಿ ಬಟ್ಟೆಯ ಅಂಚಿಗೆ ತಾಗಿತು.

"ಕೊನೇ ಸಲ ಕೇಳ್ತೀನಿ. ಕತ್ತರಿ ಬಿದ್ಮೇಲೆ ದೇವರು ಬಂದ್ರೂ ಕೂಡಿಸಕ್ಕಾಗಲ್ಲ. ಇಬ್ಬರ ಎದೆನೂ ಒಂದೇ ಅಳತೆ, ಅಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಇನ್ನಿಸನ ಕೈ ಹೆಗಲಿಗೆ ಹೋಯಿತು. ಮೋರ್ವೆನ್ ಕತ್ತರಿಯನ್ನೇ ನೋಡಿದಳು. ಹೌದು ಎಂದರೆ ಮದುವೆ ನಡೆಯುತ್ತದೆ. ಕೋಟು ಬಿಗಿಯಾದರೆ ಬೈದುಕೊಂಡು ಬಾಡಿಗೆಯ ಕರಿಯ ಕೋಟು ತಂದುಕೊಳ್ಳುತ್ತಾನೆ ಫಾರ್ಕರ್. ಯಾರಿಗೂ ಏನೂ ತಿಳಿಯುವುದಿಲ್ಲ.

"ಕತ್ತರಿಸ್ಬೇಡಿ," ಎಂದಳು. "ಫಾರ್ಕರ್ ಇವನಿಗಿಂತ ತುಂಬ ದಪ್ಪ. ಇವನ ಕೋಟು ಅವನ ಒಂದು ತೋಳಿಗೂ ಹತ್ತಲ್ಲ."

ಗೀಕಿ ಕನ್ನಡಕದ ಮೇಲಿಂದ ನೋಡಿದರು. "ಮತ್ತೆ ಒಂದೇ ಅಳತೆ ಅಂದ್ರಲ್ಲ?"

"ತಪ್ಪು ನಂದು," ಎಂದ ಇನ್ನಿಸ್. "ಇವಳು ಕರೆದಾಗಲೇ ಆಗಲ್ಲ ಅನ್ನಬೇಕಿತ್ತು. ಒಂದು ಗಂಟೆ ಇವಳ ಜೊತೆ ಇರಬಹುದು ಅಂತ ಬಂದೆ. ಆಮೇಲೆ ಜೀವನಪೂರ್ತಿ ಅತ್ತಿಗೆ ಅಂತ ಕರೀಬೇಕಲ್ಲ."

"ನೀನು ಬಂದೆ ಅಷ್ಟೇ," ಎಂದಳು ಮೋರ್ವೆನ್. "ಅಳತೆ ಒಂದೇ ಅಂತ ಸುಳ್ಳು ಹುಟ್ಟಿಸಿದ್ದು ನಾನು. ಫಾರ್ಕರನ ಹಳೇ ಕೋಟು ಬೀರುವಿನಲ್ಲೇ ಇದೆ, ಅದನ್ನ ತಂದಿದ್ರೆ ಸಾಕಿತ್ತು. ನನಗೆ ನೀನು ಬರಬೇಕಿತ್ತು."

ಇನ್ನಿಸ್ ಒಂದು ಹೆಜ್ಜೆ ಮುಂದೆ ಬಂದ. ಅವಳು ಅಂಗೈ ಅಡ್ಡ ಹಿಡಿದಳು.

"ಈಗಲ್ಲ. ಗುರುವಾರ ಅಬರ್ಡೀನಿಗೆ ಹೋಗ್ತೀನಿ. ಅವನು ಹೆಲಿಕಾಪ್ಟರ್ ಇಳಿದ ಮೇಲೆ ಎದುರು ನಿಂತು ಹೇಳ್ಬೇಕು. ಫೋನಲ್ಲಿ ಹೇಳೋ ವಿಷಯ ಅಲ್ಲ."

"ನಾನೂ ಬರ್ತೀನಿ. ಒದೆ ತಿನ್ನೋದಾದ್ರೆ ನಾನು ತಿಂತೀನಿ."

"ಮಾತು ಕೊಟ್ಟೋಳು ನಾನು. ಮುರಿಯೋಕೂ ನಾನೇ ಹೋಗ್ಬೇಕು. ಅವನು ಅಳ್ತಾನೆ ಇನ್ನಿಸ್. ಅದನ್ನ ನಾನೊಬ್ಬಳೇ ನೋಡ್ಬೇಕು." ಅವಳು ಕಣ್ಣೊರೆಸಿಕೊಂಡಳು. "ಮನೆಯವರು ನಿನ್ನ ಮುಖ ನೋಡದೇ ಇರಬಹುದು, ವರ್ಷಗಟ್ಟಲೆ. ಬೇಡ ಅನ್ನೋದಾದ್ರೆ ಈಗಲೇ ಅಂದ್ಬಿಡು."

ಗೀಕಿ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಬೇಡ ಅನ್ನಕ್ಕೆ ಆಗಿದ್ರೆ," ಎಂದ ಇನ್ನಿಸ್, "ಇವತ್ತು ಬರ್ತಾನೇ ಇರ್ಲಿಲ್ಲ."

ಮೋರ್ವೆನ್ ತಲೆಯಾಡಿಸಿದಳು. ಅವನನ್ನು ಮುಟ್ಟಲಿಲ್ಲ. ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಮಿಸೆಸ್ ಗೀಕಿ, ಆ ಸೀಮೆಸುಣ್ಣದ ಗೆರೆ ಶುಕ್ರವಾರದ ತನಕ ಅಳಿಸದೇ ಇರಕ್ಕಾಗುತ್ತಾ?"