ಇ2370: ಮೂವತ್ತೊಂದು ಕುರ್ಚಿಗಳು

ಪೊಲೀಸ್ ಪೇದೆ ಟೆಸ್ ನೆಲಕ್ಕೆ ಬೆನ್ನು ಹಚ್ಚಿ ವಿದ್ಯುತ್ ಗಾಲಿಕುರ್ಚಿಯ ಕೆಳಗೆ ತೂರಿದಳು. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ತಯಾರಿಕೆಯ ವರ್ಷ ಕಾಣುವಂತೆ ಮೋಟಾರಿನ ಜಿಡ್ಡನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಬೇಗ ಓದೇ ತಾಯಿ," ಕುರ್ಚಿಯ ಮೇಲಿಂದ ಲಿಯೋನಾ ಕಾಂಗಸ್ ಕೂಗಿದಳು. "ಬ್ರೇಕ್ ನಂಬ್ಕೋಬೇಡ, ಅದೂ ನನ್ನಷ್ಟೇ ಮುದಿ."

"2016ರದ್ದು, ಸರ್. ಎರಡೂ ಮೋಟಾರು," ಅಂದಳು ಟೆಸ್.

ಇನ್ಸ್‌ಪೆಕ್ಟರ್ ಕರ್ಟ್ ನೀಮಿ ಪಂಚನಾಮೆಯಲ್ಲಿ ಬರೆದುಕೊಂಡ. ಮಾರ್ಚ್ 11, ಬೆಳಿಗ್ಗೆ 10.20, ಅಮೆರಿಕದ ಹಿಬ್ಬಿಂಗ್ ಪಟ್ಟಣ. ಹಿಂದಿನ ದಿನ ಲಿಯೋನಾ ಠಾಣೆಗೆ ಬಂದು ಮೇಜು ಗುದ್ದಿ ದಾಖಲಿಸಿದ್ದ ದೂರು ಇಷ್ಟು: ವಿಮಾ ಕಚೇರಿಯಿಂದ ಪತ್ರ ಬಂದಿದೆ, ತನ್ನ ಕುರ್ಚಿಗೆ ಫೆಬ್ರವರಿಯಲ್ಲಿ ಹೊಸ ಮೋಟಾರು ಹಾಕಿದ್ದಾರಂತೆ, ಯಾರೂ ಹಾಕಿಲ್ಲ. ಪತ್ರದಲ್ಲಿ ಇ2370 ಎಂದಿತ್ತು. ಮೋಟಾರು, ಗೇರ್‌ಬಾಕ್ಸ್ ಎರಡೂ ಸೇರಿದ ಬದಲಿ ಭಾಗಕ್ಕೆ ಬಿಲ್ಲಿನಲ್ಲಿ ಬರೆಯುವ ಸಂಕೇತ ಅದು.

ಬಿಲ್ ಹೋಗಿದ್ದು ಗ್ಲೆನ್ ಟಾಫ್ಟೆಯ ದುರಸ್ತಿ ಅಂಗಡಿಯಿಂದ.

"ನಂಗೆ ಗೊತ್ತೇ ಇಲ್ಲ ಸಾರ್," ಅಂದ ಗ್ಲೆನ್.

"ಬಿಲ್ ಮಾಡೋರು ಯಾರು?"

"ಮಾರ್ಲಿಸ್. ಹದಿನೆಂಟು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ಲ. ದೇವರಂಥ ಹೆಂಗಸು."

ಮಾರ್ಲಿಸ್ ಇಬ್ಬರಿಗೂ ಕಾಫಿ ಬಗ್ಗಿಸಿದಳು.

ನಾಲ್ಕು ದಿನಗಳಲ್ಲಿ ಅಂಥ ಮೂವತ್ತೊಂದು ಬಿಲ್ ಸಿಕ್ಕವು. ಮೂವತ್ತೊಂದು ಕುರ್ಚಿಗಳ ಕೆಳಗೂ ಟೆಸ್ ಮಲಗಿ ಎದ್ದಳು. ಎಲ್ಲದರಲ್ಲೂ ಹಳೆಯ ಮೋಟಾರುಗಳೇ.

"ಇವನ್ಯಾವ ಸೀಮೆ ಕಳ್ಳ ಸರ್?" ಗಾಡಿಯಲ್ಲಿ ಬೆನ್ನು ನೀವಿಕೊಳ್ಳುತ್ತ ಗೊಣಗಿದಳು. "ಸುಳ್ಳು ಬಿಲ್ ಹಾಕೋರು ಸತ್ತೋರ ಹೆಸರಲ್ಲಿ ಹಾಕ್ತಾರೆ, ಊರು ಬಿಟ್ಟೋರ ಹೆಸರಲ್ಲಿ ಹಾಕ್ತಾರೆ. ಇಲ್ಲಿ ನೋಡಿದ್ರೆ ಲಿಯೋನಾ. ಮೇಯರ್‌ಗೆ ವಾರಕ್ಕೊಂದು ಕಾಗದ ಬರೆಯೋ ಮುದುಕ. ಚರ್ಚಿನ ಮೇಲೆ ಕೇಸ್ ಹಾಕಿದ ಟೀಚರಮ್ಮ. ಸುತ್ತಲಿನ ಜಗಳಗಂಟರನ್ನೆಲ್ಲ ಹೆಕ್ಕಿ ತೆಗೆದ ಹಾಗಿದೆ."

ನೀಮಿ ಗಾಡಿಯನ್ನು ರಸ್ತೆ ಬದಿಗೆ ಹಾಕಿದ. "ಹಂಗಾದ್ರೆ ದೂರು ಬರ್ಲಿ ಅಂತಾನೇ ಹಾಕಿರೋದು."

ಅಂಥ ಬಿಲ್ ಆದ ಮೇಲೆ ಹಿಂದೆ ಯಾರಿಗಾದರೂ ಅನಾಹುತವಾಗಿತ್ತೇ ಎಂದು ಅಂಗಡಿಯ ಹಳೆಯ ಬಿಲ್‌ಗಳಲ್ಲಿ ಅದೇ ಸಂಕೇತವನ್ನು ಹುಡುಕಿಸಿದ. ಮೂರು ವರ್ಷದ ಹಿಂದೆ, ಜನವರಿ 9: ಡೇಲ್ ಹೌಗೆನ್, ಹೊಸ ಮೋಟಾರು. ಜನವರಿ 13ರ ಮರಣ ವರದಿ: ಮನೆಗೆ ಇನ್ನೂರು ಹೆಜ್ಜೆ ದೂರದಲ್ಲಿ ಕುರ್ಚಿ ಕೆಟ್ಟು ನಿಂತಿದೆ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ, ಹೆಪ್ಪುಗಟ್ಟಿ ಸಾವು. ಬಿಲ್ ಟೈಪು ಮಾಡಿದವರು: ಮಾರ್ಲಿಸ್ ಹೌಗೆನ್.

ಮಾರ್ಚ್ 17, ಮಧ್ಯಾಹ್ನ 3.40. ಗ್ಲೆನ್ ಕೌಂಟರಿನ ಹಿಂದೆ ನಿಂತಿದ್ದ. ನೀಮಿ ನೇರ ಮಾರ್ಲಿಸಳ ಮೇಜಿನ ಮುಂದೆ ಕುಳಿತ, ಟೆಸ್ ಪಕ್ಕದಲ್ಲಿ ನೋಟ್‌ಬುಕ್ ಬಿಚ್ಚಿದಳು.

"ಡೇಲ್ ನಿಮಗೇನಾಗ್ಬೇಕು?"

"ತಮ್ಮ."

"ಈ ಮೂವತ್ತೊಂದು ಬಿಲ್?"

"ನಾನೇ ಹಾಕಿದ್ದು."

"ಗ್ಲೆನ್ ಹಾಕೋಕೆ ಹೇಳಿದ್ರಾ?"

"ಇಲ್ಲ."

"ಮತ್ಯಾಕೆ?"

ಆಕೆ ಕನ್ನಡಕ ತೆಗೆದಿಟ್ಟಳು. "ನನ್ನ ತಮ್ಮನ ಕುರ್ಚಿಗೆ ಇವನು ಹಳೇ ಮೋಟಾರು ತುರುಕಿ ಹೊಸದು ಅಂದ. ಇ2370 ಅಂತ ಒತ್ತಿದ್ದು ಇದೇ ಕೈ. ನಂಬಿ ಒತ್ತಿದೆ. ತಮ್ಮ ಸತ್ತ ಮೇಲೆ ಎಲ್ಲರ ಹತ್ರ ಹೋದೆ. ಕಾಗದ ಸರಿಯಿದೆ ಅಂದ್ರು. ಕಾಗದ ನೋಡೋರು ಬೇಕಾದಷ್ಟಿದ್ರು ಸಾಹೇಬ್ರೆ, ಮೋಟಾರು ನೋಡೋರು ಒಬ್ಬರೂ ಇರಲಿಲ್ಲ. ಈಗ ನೋಡಿದ್ರಲ್ಲ? ಮೂವತ್ತೆರಡನೇದು, ನನ್ನ ತಮ್ಮನ ಕುರ್ಚಿ, ನನ್ನ ಗರಾಜಲ್ಲಿದೆ. ಒಂದು ಬೋಲ್ಟೂ ಮುಟ್ಟಿಲ್ಲ."

ಮೂರು ವರ್ಷ ಆಕೆ ದಿನವೂ ಬೆಳಿಗ್ಗೆ ಗ್ಲೆನ್‌ಗೆ ಕಾಫಿ ಕೊಟ್ಟಿದ್ದಳು, ಅವನ ಮಗಳ ಮದುವೆಗೆ ಕೇಕು ಮಾಡಿದ್ದಳು. ಕೆಲಸ ಬಿಟ್ಟಿದ್ದರೆ ಬಿಲ್ಲಿನ ಯಂತ್ರ ಕೈತಪ್ಪುತ್ತಿತ್ತು.

"ಸುಳ್ಳು ಬಿಲ್ ಅಪರಾಧ," ನೀಮಿ ಮೆಲ್ಲಗೆ ಹೇಳಿದ. "ನಿಮ್ಮನ್ನ ಬಂಧಿಸಲೇಬೇಕು."

"ಗೊತ್ತು."

ಗ್ಲೆನ್ ಕೌಂಟರ್ ಸುತ್ತಿ ಬಂದ. "ಮಾರ್ಲಿಸ್, ಕೇಳಿಲ್ಲಿ. ಆ ಬಿಲ್ಲೆಲ್ಲ ನಾನೇ ಹಾಕಿಸ್ದೆ ಅಂತೀನಿ. ಜೈಲಿಗೆ ನಾನೇ ಹೋಗ್ತೀನಿ. ನೀನು ಮನೆಗೆ ಹೋಗು. ಆ ಒಂದು ಕುರ್ಚಿ ಮಾತ್ರ ಗುಜರಿಗೆ ಹಾಕ್ಬಿಡು."

ಟೆಸ್ ಅದನ್ನೂ ಬರೆದುಕೊಂಡಳು.

ಮಾರ್ಲಿಸ್ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು, ಎರಡೂ ಕೈಗಳನ್ನು ನೀಮಿಯ ಮುಂದೆ ಚಾಚಿದಳು.

"ಬೇಡ ಗ್ಲೆನ್, ಕುರ್ಚಿ ಅಲ್ಲೇ ಇರುತ್ತೆ," ಅಂದಳು.