ಸ್ಕ್ರೂ ಮೇಲಿನ ಬಿಳಿ ಗೆರೆ

ನವೆಂಬರ್ ಒಂಬತ್ತು, ಸೋಮವಾರ, ಮಧ್ಯಾಹ್ನ 1.20. ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಪ್ಯೊ ಮ್ಯೊಂಗ್‌ಸು ಸಾಮ್‌ಚೊಕ್ ಠಾಣೆಗೆ ಬಂದ. ತಾಯಿಯ ಹೆಣ ಇನ್ನೂ ಆಸ್ಪತ್ರೆಯಲ್ಲೇ ಇತ್ತು.

"ನನ್ನ ತಮ್ಮನೇ ಕೊಂದಿದ್ದು, ಬರ್ಕೊಳ್ಳಿ ಮೇಡಂ. ನಿನ್ನೆ ನಮ್ಮನೆ ಅಂಗಳದಲ್ಲೇ ನನ್ನ ಕಾರಿನ ಬ್ರೇಕ್ ಪ್ಯಾಡ್ ಬದಲಾಯಿಸ್ದ. ಇವತ್ತು ಅಮ್ಮನ್ನ ಕೂರಿಸ್ಕೊಂಡು ಹೋಗುವಾಗ ಇಳಿಜಾರಲ್ಲಿ ಬ್ರೇಕೇ ಹಿಡೀಲಿಲ್ಲ."

ಇನ್‌ಸ್ಪೆಕ್ಟರ್ ಮಿನ್ ಹ್ಯೆರನ್ ಎಫ್‌ಐಆರ್ ದಾಖಲಿಸಿದರು. ತಮ್ಮ ಗಿಬೆಕ್ ಕರೆಯುವ ಮೊದಲೇ ಬಂದು ಕೂತಿದ್ದ.

"ತಪ್ಪು ನಂದೇ ಇರ್ಬೇಕು. ಬ್ರೇಕ್ ಆಯಿಲ್ ಕೂಡ ಬದಲಾಯಿಸಿದ್ದೆ. ಸ್ಕ್ರೂ ಸಡಿಲ ಬಿಟ್ನೋ ಏನೋ. ಎಲ್ಲಿ ಸಹಿ ಹಾಕ್ಲಿ?"

"ಏನೋ ಅಂದ್ರೆ ಆಗಲ್ಲ. ಬಿಟ್ರಾ, ಇಲ್ವಾ?"

"ಅಮ್ಮಾನೇ ಹೋದ್ಮೇಲೆ ಅದೆಲ್ಲ ಯಾಕೆ ಮೇಡಂ?"

ಅಳುವವನ ಕೈಯಿಂದ ಸಹಿ ಹಾಕಿಸಿಕೊಂಡು ಫೈಲು ಮುಚ್ಚುವುದು ಸುಲಭ. ಆದರೆ ಒಬ್ಬನ ಇಡೀ ಬಾಳು ಆ ಸಹಿಯ ಕೆಳಗೆ ಹೂತುಹೋಗುತ್ತದೆ. ಮಿನ್ ಕಾಗದ ಕೊಡಲಿಲ್ಲ.

3.30ಕ್ಕೆ ಪಂಚರ ಎದುರು ಕಾರನ್ನು ಮೇಲೆತ್ತಿಸಿದರು. ಕಾನ್‌ಸ್ಟೆಬಲ್ ತಾಕ್ ಪೆಡಲ್ ತುಳಿದ. ಸೀದಾ ನೆಲ ಮುಟ್ಟಿತು. ಆಯಿಲ್ ಡಬ್ಬಿ ಖಾಲಿ. ಪ್ಯಾಡುಗಳು ಸರಿಯಾಗಿ ಕೂತಿದ್ದವು, ಪೈಪು ಸೀಳಿರಲಿಲ್ಲ. ಮುಂದಿನ ಎರಡೂ ಚಕ್ರಗಳಲ್ಲಿ, ಬ್ರೇಕ್ ಆಯಿಲ್‌ಗೆ ಸೇರಿದ ಗಾಳಿಯನ್ನು ಹೊರಬಿಡುವ ಸ್ಕ್ರೂ ಮಾತ್ರ ಸಡಿಲವಾಗಿತ್ತು; ಆಯಿಲ್ ಸೋರಿದ್ದು ಅಲ್ಲಿಂದಲೇ.

"ತಮ್ಮಂದೇ ಎಡವಟ್ಟು," ಎಂದ ತಾಕ್.

"ಕಣ್ಣು ಬಿಟ್ಟು ನೋಡಯ್ಯ. ಈ ಬಿಳಿ ಗೆರೆ ಏನು?"

ಬಿಗಿ ಮಾಡಿದ ಪ್ರತಿಯೊಂದು ಬೋಲ್ಟಿನ ಮೇಲೂ, ಅದು ಕೂತ ಲೋಹದ ಮೇಲೂ ಸೇರಿಸಿ ಬಣ್ಣದ ಗೆರೆ ಎಳೆಯುವುದು ಗ್ಯಾರೇಜಿನವರ ಪದ್ಧತಿ. ಗಿಬೆಕ್ ಹನ್ನೊಂದು ವರ್ಷ ಗ್ಯಾರೇಜಿನಲ್ಲಿ ದುಡಿದವನು. ಬೋಲ್ಟುಗಳ ಗೆರೆ ನೆಟ್ಟಗಿತ್ತು. ಎರಡು ಸ್ಕ್ರೂಗಳ ಗೆರೆ ಮಾತ್ರ ತುಂಡಾಗಿತ್ತು. ಬಣ್ಣ ಒಣಗಿದ ಮೇಲೆ ಯಾರೋ ತಿರುಗಿಸಿದ್ದರು. ಪಂಚನಾಮೆಯಲ್ಲಿ ಅದನ್ನೇ ಬರೆಸಿದರು.

ಮ್ಯೊಂಗ್‌ಸುವಿನ ಕಾರಿನ ಮುಂಗಾಜಿಗೆ ಅಂಟಿಸಿದ್ದ ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇರಲಿಲ್ಲ. ಸರಿ, ಆ ಬೀದಿಯಲ್ಲಿ ನಿಂತ ಕಾರುಗಳಿಗೆಲ್ಲ ಕ್ಯಾಮೆರಾ ಇಲ್ಲವೇ? ಮಂಗಳವಾರ ತಾಕ್ ಮನೆ ಮನೆ ತಿರುಗಿದ. ಎದುರುಮನೆಯವರ ಕಾರು ಎಲ್ಲವನ್ನೂ ಕಂಡಿತ್ತು. ಸೋಮವಾರ ಬೆಳಿಗ್ಗೆ 7.05ಕ್ಕೆ ಮ್ಯೊಂಗ್‌ಸು ಸ್ಪ್ಯಾನರ್ ಹಿಡಿದು ಚಕ್ರದ ಪಕ್ಕ ಮಲಗಿದ್ದ.

"ಯಾಕೆ?" ಎಂದರು ಮಿನ್, ಮ್ಯೊಂಗ್‌ಸುವನ್ನು ಠಾಣೆಗೆ ಕರೆಸಿ.

"ಮನೆ ಮುಂದಿನ ಗೋಡೆಗೆ ಮೆಲ್ಲಗೆ ತಾಗಿಸೋಣ ಅಂತಿದ್ದೆ, ಅಷ್ಟೇ. ತಮ್ಮನ ಕೆಲ್ಸಾನೂ ಕೆಡುತ್ತೆ ಅಂತ ಅಮ್ಮ ಒಂದ್ಸಲ ನೋಡ್ಲಿ ಅಂತ. ಆದ್ರೆ ಅವಳು ಕಿಮ್ಚಿಗೆ ಎಲೆಕೋಸು ತರೋಣ, ಮಾರ್ಕೆಟ್‌ಗೆ ನಡಿ ಅಂತ ಬಂದು ಕೂತ್ಬಿಟ್ಲು."

"ಇಳಿಯಮ್ಮ ಅನ್ನೋಕೆ ಆಗ್ಲಿಲ್ವಾ?"

"ಅನ್ನೋಣ ಅಂತಲೇ ಬಾಯಿ ತೆಗ್ದೆ. ಅಷ್ಟರಲ್ಲಿ 'ಗಿಬೆಕ್ ಕೈಯಾಡಿಸಿದ ಗಾಡಿ, ಕಣ್ಮುಚ್ಚಿ ಹೋಗ್ಬಹುದು. ನೀನೂ ಇದ್ದೀಯ, ಒಂದು ನಟ್ಟು ತಿರುಗಿಸೋಕೆ ಬರಲ್ಲ' ಅಂದ್ಲು. ಬಾಯಿ ಮುಚ್ಕೊಂಡು ಗೇರ್ ಹಾಕ್ದೆ."

ಥೂ! ಒಂದೇ ಒಂದು ಮಾತು ಆಡಿದ್ದರೆ ಮುದುಕಿ ಇವತ್ತು ಎಲೆಕೋಸಿಗೆ ಉಪ್ಪು ಹಚ್ಚುತ್ತಿದ್ದಳು. ಸಂಜೆ 5.40ಕ್ಕೆ ಅವನನ್ನು ಬಂಧಿಸಿದರು.

ಗಿಬೆಕ್‌ಗೆ ವಿಷಯ ತಿಳಿಸಿದ್ದು ಮಿನ್ ಅವರೇ.

"ಅಣ್ಣ ನಂಗೆ ಹೇಳಿದ್ರೆ ಸಾಕಿತ್ತು ಮೇಡಂ," ಎಂದ ಅವನು. "ಅಮ್ಮನ ಮುಂದೆ ನಾನೇ ಒಂದು ಕೆಲ್ಸ ಕೆಡಿಸಿ ತೋರಿಸ್ತಿದ್ದೆ."