ಕಳುವಾದ ಕಿವಿ

"ಕದ್ದಿದ್ದು ಇವಳೇ! ಇನ್ಯಾರು ಬರ್ತಾರೆ ಈ ಮನೆಗೆ?"

ನಾವು ಹೊಸ್ತಿಲು ದಾಟುವಷ್ಟರಲ್ಲೇ ಮಗರಾಯನ ಕೂಗಾಟ ಶುರುವಾಗಿತ್ತು. ಅವನ ತಾಯಿಗೆ ನಮ್ಮ ಆರೋಗ್ಯ ಕೇಂದ್ರದಿಂದ ಹೋದ ವಾರವಷ್ಟೇ ಕೊಟ್ಟಿದ್ದ ಕಿವಿಯ ಯಂತ್ರ ನಾಪತ್ತೆ! ಆರೈಕೆಯಾಕೆಯನ್ನು ಮನೆಯಿಂದ ಕರೆಸಿ ಮೂಲೆಯಲ್ಲಿ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಬಂದು ಅಜ್ಜಿಗೆ ಸ್ನಾನ ಮಾಡಿಸಿ, ಕಿವಿಗೆ ಯಂತ್ರ ಸಿಕ್ಕಿಸಿ ಹೋಗುವುದು ಅವಳ ಕೆಲಸ. ಕಳ್ಳಿ ಎಂಬ ಹೆಸರು ಅಂಟಿತೋ, ಯಾವ ಮನೆಯವರೂ ಅವಳನ್ನು ಒಳಗೆ ಬಿಡರು.

ನಾನು ಕೇಂದ್ರದ ಗಾಡಿ ಓಡಿಸುವವನು; ಫೋನ್ ಬಂದ ಕೂಡಲೇ ನರ್ಸಮ್ಮನನ್ನು ಕರೆತಂದಿದ್ದೆ. ಬಾಯಿ ಸುಮ್ಮನಿರಲಿಲ್ಲ.

"ಅಲ್ಲಾ ಸ್ವಾಮಿ, ಇನ್ನೊಬ್ಬರ ಕಿವಿಯ ಅಳತೇದನ್ನ ಕದ್ದು ಉಪ್ಪಿನಕಾಯಿ ಹಾಕ್ಕೋತಾಳಾ?"

ನರ್ಸಮ್ಮ ನನ್ನತ್ತ ಕಣ್ಣು ಬಿಟ್ಟರು. ತೆಪ್ಪಗಾದೆ. ಅಜ್ಜಿ ಗೋಡೆಯತ್ತ ಮುಖ ಮಾಡಿ ಮಂಚದಲ್ಲಿ ಕೂತಿದ್ದರು. ಈ ರಂಪ ಅವರಿಗೆ ಕೇಳಿಸುತ್ತಿರಲಿಲ್ಲ.

"ಯಾವಾಗ ಗೊತ್ತಾಯ್ತು?" ನರ್ಸಮ್ಮ ಮಗನನ್ನು ಕೇಳಿದರು.

"ಸಂಜೆ ಟೀ ಕೊಡೋಕೆ ಹೋದಾಗ. ಎಷ್ಟು ಕೂಗಿದ್ರೂ ತಿರುಗಲಿಲ್ಲ."

"ಊಟದ ಹೊತ್ತಿಗೆ?"

"ಹಿಂದಿನಿಂದ 'ಉಪ್ಪು ಬೇಕಾ' ಅಂದೆ. 'ಸಾಕು' ಅಂದ್ರು."

ನರ್ಸಮ್ಮ ಮೇಜಿನತ್ತ ನೋಡಿದರು. "ಈ ತಟ್ಟೆ ಯಾರದ್ದು? ಅರ್ಧ ಊಟ ಹಾಗೇ ಇದೆ!"

"ಅಮ್ಮಂದೇ. ನಡುವೆ ಎದ್ದು ಹೋದ್ರು. ವಯಸ್ಸಾಯ್ತಲ್ಲ."

"ಆಗ ನೀವು ಏನ್ ಮಾತಾಡ್ತಿದ್ರಿ?"

ಅವನು ಪಕ್ಕದಲ್ಲಿ ನಿಂತಿದ್ದ ತಂಗಿಯ ಮುಖ ನೋಡಿದ. ತಂಗಿ ತಲೆ ತಗ್ಗಿಸಿ ಹೇಳಿದಳು:

"'ಅಮ್ಮನ ಈ ವಾಸನೇಲಿ ತುತ್ತು ಇಳಿಯಲ್ಲ, ಇದೆಲ್ಲ ಯಾವಾಗ ಮುಗಿಯುತ್ತೋ' ಅಂದ್ವಿ... ಅಮ್ಮನ ಎದುರೇ ಏನು ಬೇಕಾದ್ರೂ ಮಾತಾಡಿ ಅಭ್ಯಾಸ. ಈಗ ಕೇಳಿಸುತ್ತೆ ಅನ್ನೋದೇ ಮರೆತು—"

"ಉಪ್ಪಿನ ಮಾತು ಕೇಳಿಸಿದವರಿಗೆ ಆ ಮಾತೂ ಕೇಳಿಸಿದೆ," ಎಂದರು ನರ್ಸಮ್ಮ. "ಈಕೆ ಹೋಗಿದ್ದು ಬೆಳಿಗ್ಗೆ. ಊಟಕ್ಕೆ ಕೂತಾಗ ಯಂತ್ರ ಕಿವೀಲೇ ಇತ್ತು. ಎಚ್ಚರ ಇರೋರ ಕಿವಿಯಿಂದ ಯಾರಿಗೆ ಕೀಳೋಕಾಗುತ್ತೆ? ಕಳ್ಳರನ್ನ ಹುಡುಕಿದ್ರಿ, ತಟ್ಟೆ ನೋಡಲಿಲ್ಲ. ತೆಗೆದವರು ಅಜ್ಜೀನೇ."

ಯಾರದೋ ಮನೆಯ ಮಾತಿಗೆ ನನಗೇ ನಾಚಿಕೆಯಾಯಿತು. ಗಾಡಿಯ ಕೀಲಿ ತಿರುವುತ್ತಾ ನಿಂತೆ.

ನರ್ಸಮ್ಮ ಅಜ್ಜಿಯ ಭುಜ ಮುಟ್ಟಿ, ತಮ್ಮ ಕಿವಿ ತೋರಿಸಿ, ಅಳುತ್ತಿದ್ದ ಆರೈಕೆಯಾಕೆಯತ್ತ ಬೆರಳು ಮಾಡಿದರು. ಅಜ್ಜಿಗೆ ಅರ್ಥವಾಯಿತು. ಗಾಬರಿಯಿಂದ ದಿಂಬಿನ ಚೀಲದೊಳಗೆ ಕೈ ಹಾಕಿ ಯಂತ್ರ ತೆಗೆದರು.

"ಇವಳ ತಲೆಗೆ ಕಟ್ಟಿದ್ರಾ? ಅಯ್ಯೋ, ಎಂಥಾ ಪಾಪಿ ನಾನು! ತಪ್ಪಾಯ್ತು ಮಗಳೇ. ಕಿವುಡಿಯಾಗಿದ್ದಾಗ್ಲೇ ಚೆನ್ನಾಗಿತ್ತು ಕಣೇ. ಇವರಿಬ್ಬರೂ ನಗ್ತಾ ಮಾತಾಡೋದು ನೋಡಿ, ನನ್ನ ಬಗ್ಗೆ ಏನೋ ಒಳ್ಳೇದೇ ಹೇಳ್ತಿದಾರೆ ಅಂದ್ಕೊಂಡಿದ್ದೆ."

ಮಗ ಆರೈಕೆಯಾಕೆಗೆ ಕೈಮುಗಿದ. "ತಪ್ಪಾಯ್ತಮ್ಮ" ಎಂದ. ಆಮೇಲೆ ತಾಯಿಯತ್ತ ತಿರುಗಿದ.

ಅಜ್ಜಿ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಹೇಳಪ್ಪಾ, ಈಗ ಕೇಳಿಸುತ್ತೆ."